ಬಿಚ್ಚಿದ್ದು ಒಬ್ರು, ಜೋಡ್ಸಿದ್ದು ಇನ್ನೊಬ್ರು, ಸೈನ್ ಹಾಕಿದ್ದು ಮತ್ತೊಬ್ರು: ವಿಮಾನದ ರಿಪೇರಿಯಲ್ಲಿ ತಪ್ಪು ನುಸುಳೋದು ಹೇಗೆ

ಎರಡು ಬೋಲ್ಟ್ ಪಕ್ಕಪಕ್ಕ ಇಟ್ರೆ ದಪ್ಪದಲ್ಲಿ ವ್ಯತ್ಯಾಸ 0.66 ಮಿಲಿಮೀಟರ್. ಉದ್ದ ಒಂದೇ, ಥ್ರೆಡ್‌ನ ಅಂತರವೂ ಒಂದೇ, ಒಂದರ ನಂಬರ್ 8ಸಿ ಅಂತ ಕೊನೆಯಾಗುತ್ತೆ, ಇನ್ನೊಂದರದ್ದು 8ಡಿ ಅಂತ. 1990ರ ಜೂನ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಏರ್‌ಪೋರ್ಟಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ಬಿಎಸಿ ಒನ್-ಇಲೆವನ್ ವಿಮಾನಕ್ಕೆ ಪೈಲಟ್ ಮುಂದಿನ ಗಾಜು ಬದಲಾಯಿಸ್ಬೇಕಿತ್ತು, ಗಾಜಿಗೆ ಒಟ್ಟು 90 ಬೋಲ್ಟ್. ನೈಟ್ ಶಿಫ್ಟಲ್ಲಿ ಜನ ಕಮ್ಮಿ ಇದ್ರು, ಅದಕ್ಕೆ ಶಿಫ್ಟ್ ಮ್ಯಾನೇಜರೇ ಸರಿ ನಾನೇ ಮಾಡ್ತೀನಿ ಅಂತ ಕೈ ಹಾಕಿದ್ರು. ಇದನ್ನ ಗಮನಿಸಿ, ಸೋಮಾರಿ ಆಗಿದ್ರೆ ನಾಳೆ ಮಾಡಿದ್ರಾಯ್ತು ಅಂತ ಬಿಡ್ತಿದ್ರು.

ಹಳೇ ಬೋಲ್ಟ್ ಬಿಚ್ಚಿ ಒಂದನ್ನ ಕೈಯಲ್ಲಿ ಹಿಡ್ಕೊಂಡು ಸ್ಟೋರ್‌ಗೆ ಹೋದ್ರು. ಸ್ಟೋರಲ್ಲಿದ್ದವರು ಆ ಗಾಜಿಗೆ ಹಾಕೋದು 8ಡಿ ಅಂತ ಹೇಳಿದ್ರೂ ಇವರು ಬಿಚ್ಚಿದ್ದು 7ಡಿ, ಅದು ಅಷ್ಟು ದಿನ ಗಾಜನ್ನ ಹಿಡ್ಕೊಂಡೇ ಇತ್ತಲ್ಲ, ಹಾಗಾಗಿ ಇದೇ ಸಾಕು ಅನ್ನಿಸ್ತು. (ಮುಂಚೆ ಯಾರೋ ಹಾಕಿದ್ದ ಆ 7ಡಿ ಕೂಡ ತಪ್ಪೇ, ಚೂರು ಗಿಡ್ಡ. ಒಂದು ತಪ್ಪು ನಾಲ್ಕು ವರ್ಷ ಸುಮ್ಮನೆ ಕೂತು ಕೊನೆಗೆ ಮುಂದಿನ ತಪ್ಪಿಗೆ ಸ್ಯಾಂಪಲ್ ಆಯ್ತು.) ಅಲ್ಲಿ ಬೇಕಾದಷ್ಟು ಸ್ಟಾಕ್ ಇರ್ಲಿಲ್ಲ. ಗಾಡಿ ತಗೊಂಡು ಏರ್‌ಪೋರ್ಟ್‌ನ ಇನ್ನೊಂದು ಮೂಲೆಯಲ್ಲಿದ್ದ ಡಬ್ಬಿಗಳ ಕಡೆ ಹೋದ್ರು, ನೋಡ್ಕೊಳ್ಳೋಕೆ ಅಲ್ಲಿ ಯಾರೂ ಇಲ್ಲ, ಬೆಳಕೂ ಮಂದ, ಓದೋ ಕನ್ನಡಕವನ್ನೂ ಹಾಕಿರ್ಲಿಲ್ಲ. ಕಣ್ಣಳತೆಯಲ್ಲಿ ಹೋಲಿಸಿ ಒಂದು ಹಿಡಿ ತಗೊಂಡು ಬಂದ್ರು. ಬಂದಿದ್ದು 8ಸಿ.

ಮೂರರಿಂದ ಐದರ ಮಧ್ಯ, ಅಂದ್ರೆ ನಮ್ಮ ದೇಹ ನಿದ್ದೆಗೆ ಅಂತಾನೇ ಇಟ್ಟಿರೋ ಹೊತ್ತಲ್ಲಿ ಕೈ ಚಾಚಿಕೊಂಡು ಬೋಲ್ಟ್ ಬಿಗಿ ಮಾಡೋವಾಗ ಸ್ಕ್ರೂಡ್ರೈವರ್ 'ಕ್ಲಿಕ್' ಅಂತಿತ್ತು. ಸರಿಯಾಗಿ ಟೈಟ್ ಆದಾಗ ಅದು ಕ್ಲಿಕ್ ಅನ್ನಬೇಕು, ಅದಕ್ಕೇ ಇರೋದು ಆ ಟೂಲ್. ಆದ್ರೆ ಸಣ್ಣ ಬೋಲ್ಟ್ ದೊಡ್ಡ ನಟ್‌ನೊಳಗೆ ಜಾರಿದ್ರೂ ಕೈಗೆ ಹೆಚ್ಚುಕಮ್ಮಿ ಅದೇ ಥರ ಸಿಗುತ್ತೆ. ಬೋಲ್ಟ್‌ನ ತಲೆ ಗುಂಡಿಯಲ್ಲಿ ತೀರಾ ಒಳಗೆ ಕೂತಿದೆ ಅನ್ನೋದು ಕಾಣ್ಬೇಕಿತ್ತು, ಆದ್ರೆ ನಿಂತ ಜಾಗದಿಂದ ಅವರ ಕೈಯೇ ಅದನ್ನ ಮರೆ ಮಾಡ್ತಿತ್ತು. ಕೊನೆಗೆ 84 ಬೋಲ್ಟ್ ಸಣ್ಣವು, 6 ಗಿಡ್ಡವು. 90ರಲ್ಲಿ ಒಂದೂ ಸರಿ ಇಲ್ಲ!

ಜೂನ್ 10ರ ಬೆಳಿಗ್ಗೆ 81 ಪ್ರಯಾಣಿಕರನ್ನ ತುಂಬ್ಕೊಂಡು ಮಾಲಗಾಗೆ ಹೊರಟ ವಿಮಾನ 17,300 ಅಡಿ ಮುಟ್ಟಿದಾಗ ಆ ಗಾಜು ಕಿತ್ಕೊಂಡು ಹೋಯ್ತು, ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಸೊಂಟದವರೆಗೂ ಆಚೆ. ಕ್ಯಾಬಿನ್ ಸಿಬ್ಬಂದಿ ಅವರ ಕಾಲು ಹಿಡ್ಕೊಂಡೇ ಇದ್ರು, ಕೋ-ಪೈಲಟ್ ಅಲಾಸ್ಟೇರ್ ಆಚಿಸನ್ ವಿಮಾನನ ಸೌತಾಂಪ್ಟನ್‌ನಲ್ಲಿ ಇಳಿಸಿದ್ರು. ಕ್ಯಾಪ್ಟನ್ ಬದುಕಿದ್ರು, ಆರು ತಿಂಗಳೊಳಗೆ ವಾಪಸ್ ಡ್ಯೂಟಿಗೂ ಬಂದ್ರು. ಈ ಕಥೆಯ ಈ ಭಾಗ ಎಲ್ಲರಿಗೂ ಗೊತ್ತು, ಫೋಟೋ ಸಮೇತ ಓಡಾಡ್ತಿರುತ್ತೆ. ನನಗೆ ಮುಖ್ಯ ಅನ್ಸೋದು ಗಾಜು ಹಾಕಿದ ಆ ರಾತ್ರಿ, ಯಾಕಂದ್ರೆ ಅಲ್ಲಿ ನಡೆದಿದ್ದರಲ್ಲಿ ಒಂದೊಂದನ್ನೂ ಬಿಡಿಸಿ ನೋಡಿದ್ರೆ ಯಾವುದೂ ಹುಚ್ಚು ಕೆಲಸ ಅಲ್ಲ, ಬಿಚ್ಚಿದ್ದು ಯಾವುದೋ ಅದನ್ನೇ ವಾಪಸ್ ಹಾಕೋಣ ಅನ್ನೋದನ್ನ ಮೆಕ್ಯಾನಿಕ್ ಕೆಲಸ ಮಾಡೋ ಯಾರು ಬೇಕಾದ್ರೂ ದಿನಾ ಅಂದ್ಕೊಳ್ತಾರೆ. ಮತ್ತೆ ಆ ಗಾಜನ್ನ ಇನ್ನೊಬ್ಬರು ಚೆಕ್ ಮಾಡಲೇಬೇಕು ಅನ್ನೋ ಪಟ್ಟಿಯಲ್ಲಿ ಸೇರಿಸಿರಲೇ ಇಲ್ಲ, ಫಿಟ್ ಮಾಡಿದ್ಮೇಲೆ ಒಳಗೆ ಗಾಳಿ ತುಂಬಿಸಿ ಪ್ರೆಶರ್ ಟೆಸ್ಟ್ ಮಾಡ್ಬೇಕು ಅನ್ನೋ ನಿಯಮನೂ ಇರ್ಲಿಲ್ಲ, ಹಾಗಾಗಿ ಕೆಲಸ ಮಾಡಿದ ಕೈಯೇ 'ಸರಿ ಇದೆ' ಅಂತ ಸೈನೂ ಹಾಕ್ತು.

ಇಂಥದ್ದು ಆದಾಗೆಲ್ಲ ನ್ಯೂಸಲ್ಲಿ ಬರೋದು 'ಮಾನವ ದೋಷ' ಅಂತ ಎರಡು ಪದ. ಅಲ್ಲಿಗೆ ಫೈಲ್ ಕ್ಲೋಸ್ ಆದ ಹಾಗೆ. ಯಾರೋ ಒಬ್ಬ ಮೈಮರೆತ, ಅವನನ್ನ ತೆಗೆದು ಹಾಕಿದ್ರು, ಮುಂದಕ್ಕೆ ಹೋಗೋಣ. ನನಗೆ ಇದು ಯಾವತ್ತೂ ಸರಿ ಕಂಡಿಲ್ಲ, ಯಾಕಂದ್ರೆ ರಿಪೇರಿ ಕೆಲಸದ ತಪ್ಪಿಗೆ ಪೈಲಟ್ ತಪ್ಪಿಗಿಲ್ಲದ ಒಂದು ಗುಣ ಇದೆ. ಪೈಲಟ್ ತಪ್ಪು ಮಾಡಿದ್ರೆ ಸಾಮಾನ್ಯವಾಗಿ ಅಲ್ಲೇ ಆ ಕ್ಷಣವೇ ಫಲಿತಾಂಶ ಕಾಣುತ್ತೆ, ತಿದ್ದಿಕೊಳ್ಳೋಕೂ ಒಂದು ಚಾನ್ಸ್ ಇರುತ್ತೆ. ಮೆಕ್ಯಾನಿಕ್ ಮಾಡಿದ್ದು ಪ್ಯಾನೆಲ್ ಒಳಗೆ ಮುಚ್ಚಿಹೋಗುತ್ತೆ, ಮಾಡಿದವನು ಮನೆಗೆ ಹೋಗಿ ಮಲಗಿರ್ತಾನೆ, ಅದು ಯಾವಾಗ ಎದ್ದು ಬರುತ್ತೋ ಯಾರಿಗೂ ಗೊತ್ತಿಲ್ಲ. ಜಪಾನ್ ಏರ್‌ಲೈನ್ಸ್‌ನ 747 ಒಂದು 1978ರಲ್ಲಿ ಒಸಾಕಾದಲ್ಲಿ ಇಳೀವಾಗ ಬಾಲ ನೆಲಕ್ಕೆ ಉಜ್ಜಿಸ್ಕೊಂಡಿತ್ತು, ಬೋಯಿಂಗ್‌ನವರು ಬಂದು ಹಿಂದಿನ ಪ್ರೆಶರ್ ಗೋಡೆಗೆ (ಒಳಗಿನ ಗಾಳಿಯೊತ್ತಡ ಹಿಡಿದಿಡೋ ಗೋಡೆ) ತೇಪೆ ಹಾಕಿದ್ರು, ಆ ತೇಪೆಯಲ್ಲಿ ಒಂದೇ ಅಖಂಡ ಪ್ಲೇಟ್ ಇರಬೇಕಾದ ಕಡೆ ಎರಡು ತುಂಡು ಸೇರ್ಕೊಂಡ್ವು, ಎರಡು ಸಾಲು ರಿವೆಟ್ ಹೊರಬೇಕಾದ ಭಾರ ಒಂದೇ ಸಾಲಿನ ಮೇಲೆ ಬಿತ್ತು. ಆಮೇಲೆ ಅದು 12,000ಕ್ಕೂ ಹೆಚ್ಚು ಸಲ ಏನೂ ಆಗದೆ ಹಾರ್ತು. 1985ರ ಆಗಸ್ಟ್ 12ರಂದು ಆ ಗೋಡೆ ಒಡೆದು 524 ಜನರಲ್ಲಿ 520 ಜನ ಸತ್ರು. ಅದೇ ಥರ 1980ರಲ್ಲಿ ಬಾಲ ಉಜ್ಜಿಸ್ಕೊಂಡಿದ್ದ ಚೈನಾ ಏರ್‌ಲೈನ್ಸ್‌ನ 747ರ ಕೆಟ್ಟ ರಿಪೇರಿ ಫಲ ಕೊಟ್ಟಿದ್ದು 2002ರಲ್ಲಿ, 22 ವರ್ಷ ಆದ್ಮೇಲೆ, 225 ಜನರ ಜೀವ ತಗೊಂಡು. ಸೈನ್ ಹಾಕಿದವರು ಅಷ್ಟರಲ್ಲಿ ರಿಟೈರೇ ಆಗಿರಬಹುದು.

ಇನ್ನೊಂದು ವಿಷಯ, ತಪ್ಪು ಜಾಸ್ತಿ ಆಗೋದು ಬಿಚ್ಚೋವಾಗ ಅಲ್ಲ, ವಾಪಸ್ ಜೋಡಿಸೋವಾಗ. ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಇದಕ್ಕೊಂದು ಸರಳ ಲೆಕ್ಕ ಕೊಡ್ತಿದ್ರು. ಒಂದು ಉದ್ದದ ಬೋಲ್ಟ್‌ಗೆ ಎಂಟು ನಟ್ ಹಾಕಿದೆ ಅಂದ್ಕೊಳ್ಳಿ, ಪ್ರತಿಯೊಂದಕ್ಕೂ ಒಂದು ನಂಬರ್. ಬಿಚ್ಚೋಕೆ ಇರೋದು ಒಂದೇ ದಾರಿ, ತುದಿಯಿಂದ ಒಂದೊಂದಾಗಿ. ವಾಪಸ್ ಹಾಕೋಕೆ 40,320 ದಾರಿ, ಸರಿಯಾದದ್ದು ಅದರಲ್ಲಿ ಒಂದೇ. ಅದೂ ಯಾವುದನ್ನೂ ಮರೆಯದೇ ಹಾಕಿದ್ರೆ! ಮರೆತು ಬಿಡೋದನ್ನ ಸೇರಿಸಿದ್ರೆ ಇನ್ನೂ ಜಾಸ್ತಿ. ಅದರಲ್ಲೂ ಕೊನೇ ಹಂತಗಳೇ ಜಾಸ್ತಿ ಬಿಟ್ಟುಹೋಗೋದು, ಮುಖ್ಯ ಕೆಲಸ ಮುಗೀತು ಅಂತ ಮನಸ್ಸು ಆಗಲೇ ಮುಂದಿನದಕ್ಕೆ ಹೋಗಿರುತ್ತಲ್ಲ, ವಾಷರ್, ಕ್ಯಾಪ್, ಟೇಪ್ ಇವೆಲ್ಲ ಉಳ್ಕೊಳ್ಳೋದು ಅಲ್ಲೇ. 1996ರಲ್ಲಿ ಲಿಮಾದಿಂದ ಹೊರಟ ಏರೋಪೆರುವಿನ 757ಕ್ಕೆ ಹಾಗೇ ಆಯ್ತು. ತೊಳೆದು ಪಾಲಿಶ್ ಮಾಡೋವಾಗ ನೀರು ಹೋಗದಿರಲಿ ಅಂತ ಗಾಳಿಯೊತ್ತಡ ಅಳೆಯೋ ತೂತುಗಳಿಗೆ ಟೇಪ್ ಅಂಟಿಸಿದ್ರು, ತೆಗೆಯೋದು ಮರೆತ್ರು, ಬೆಳ್ಳಿ ಬಣ್ಣದ ವಿಮಾನದ ಮೇಲೆ ಬೆಳ್ಳಿ ಬಣ್ಣದ ಟೇಪ್ ರಾತ್ರಿ ಯಾರ ಕಣ್ಣಿಗೂ ಬೀಳ್ಲಿಲ್ಲ, ಮೇಲಕ್ಕೆ ಹೋದ್ಮೇಲೆ ಎತ್ತರ ಎಷ್ಟು ವೇಗ ಎಷ್ಟು ಅನ್ನೋದೇ ಪೈಲಟ್‌ಗಳಿಗೆ ಗೊತ್ತಾಗದೆ 70 ಜನ ಸಮುದ್ರಕ್ಕೆ ಹೋದ್ರು. ಕೇಸ್ ಆಗಿ ಶಿಕ್ಷೆ ಆಗಿದ್ದು ಟೇಪ್ ತೆಗೆಯದ ಕೆಲಸಗಾರನಿಗೆ. ಎದ್ದು ಕಾಣೋ ಬಣ್ಣದ ಕವರ್ ಹಾಕೋ ಬದಲು ಮೈಬಣ್ಣದ್ದೇ ಟೇಪ್ ಹಚ್ಚೋದು ಅಲ್ಲಿ ನಡೀತಿತ್ತಲ್ಲ, ಅದು ಒಬ್ಬನ ತಪ್ಪಾ?

ಶಿಫ್ಟ್ ಬದಲಾಗೋ ಹೊತ್ತಂತೂ ಇನ್ನೂ ಕಷ್ಟ. 1991ರ ಸೆಪ್ಟೆಂಬರ್ 11ರಂದು ಟೆಕ್ಸಾಸ್‌ನ ಈಗಲ್ ಲೇಕ್ ಹತ್ತಿರ ಕಾಂಟಿನೆಂಟಲ್ ಎಕ್ಸ್‌ಪ್ರೆಸ್‌ನ ಎಂಬ್ರೇಯರ್ 120 ಆಕಾಶದಲ್ಲೇ ಒಡೆದುಹೋಯ್ತು, 14 ಜನರೂ ಹೋದ್ರು. ಹಿಂದಿನ ರಾತ್ರಿ ಬಾಲದ ಮೇಲಿನ ಅಡ್ಡರೆಕ್ಕೆಯ ಅಂಚಿಗೆ ಹಿಮ ಕಟ್ಟದಂತೆ ಹಾಕೋ ರಬ್ಬರ್ ಬೂಟ್ ಬದಲಾಯಿಸ್ಬೇಕಿತ್ತು, ಎಡ ಬಲ ಎರಡೂ ಕಡೆ. ಮೊದಲ ಶಿಫ್ಟಿನವರು ಎರಡೂ ಕಡೆ ಮೇಲಿನ ಸ್ಕ್ರೂ ಬಿಚ್ಚಿದ್ರು, ಅದರಲ್ಲಿ ಕೈ ಜೋಡಿಸಿದ್ದು ಯಾರು ಅಂದ್ರೆ ಕ್ವಾಲಿಟಿ ಇನ್‌ಸ್ಪೆಕ್ಟರ್, ಚೆಕ್ ಮಾಡಬೇಕಾದವರೇ. ಅವರು ಹೋಗೋ ಮುಂಚೆ ತಮ್ಮ ಶೀಟಲ್ಲಿ ಬರೆದೂ ಬರೆದ್ರು, ಆದ್ರೆ ಮುಂದಿನ ಇನ್‌ಸ್ಪೆಕ್ಟರ್ ಆ ಶೀಟನ್ನ ಅದಕ್ಕೂ ಮುಂಚೆನೇ ನೋಡಿ ಏನೂ ಇಲ್ಲ ಅಂತ ಹೋಗಿಬಿಟ್ಟಿದ್ರು. ರಾತ್ರಿ ಶಿಫ್ಟಿನವರು ಬಲಗಡೆ ಬೂಟ್ ಹಾಕಿದ್ರು, ಎಡಗಡೆಗೆ ಟೈಮ್ ಇಲ್ಲ, ಅದನ್ನ ಇನ್ನೊಂದು ದಿನ ಮಾಡೋಣ ಅಂತ ಬಿಟ್ರು. ಎಡಗಡೆ ಮೇಲಿನ 47 ಸ್ಕ್ರೂ ಆಗಲೇ ಬಿಚ್ಚಿದೆ ಅನ್ನೋದು ಅವರಿಗೆ ಗೊತ್ತೇ ಇಲ್ಲ. ಟಿ ಆಕಾರದ ಬಾಲ ಬೇರೆ, ನೆಲದ ಮೇಲೆ ನಿಂತ್ರೆ ಮೇಲಿನ ಸ್ಕ್ರೂ ಕಾಣಲ್ಲ. ಬೆಳಿಗ್ಗೆ ವಿಮಾನ ಲರೇಡೋಗೆ ಹೋಯ್ತು, ಏನೂ ಆಗ್ಲಿಲ್ಲ. ವಾಪಸ್ ಬರೋವಾಗ ಆಯ್ತು. ಈ ಕಥೆಯಲ್ಲಿ ಪ್ರತಿಯೊಬ್ಬರೂ ತಮ್ಮ ಪಾಲಿನ ಅರ್ಧ ಕೆಲಸ ಸರಿಯಾಗೇ ಮಾಡಿದ್ರು, ಅರ್ಧಕ್ಕೂ ಅರ್ಧಕ್ಕೂ ಮಧ್ಯ ಇದ್ದ ಜಾಗ ಯಾರದ್ದೂ ಆಗಿರ್ಲಿಲ್ಲ ಅಷ್ಟೆ.

ಇದಕ್ಕಿಂತ ವಿಚಿತ್ರ 2013ರ ಮೇ 24ರದ್ದು, ನಾನು ಯಾರಿಗಾದ್ರೂ ಈ ವಿಷಯ ವಿವರಿಸ್ಬೇಕು ಅಂದ್ರೆ ಇದನ್ನೇ ಹೇಳೋದು. ಲಂಡನ್‌ನ ಹೀಥ್ರೋದಲ್ಲಿ ರಾತ್ರಿ ಇಬ್ಬರು ಟೆಕ್ನಿಷಿಯನ್‌ಗಳು ಒಂದು ಏರ್‌ಬಸ್ ಎ319 ವಿಮಾನದ ಎರಡೂ ಇಂಜಿನ್‌ನ ಹೊದಿಕೆ ಬಾಗಿಲು ತೆಗೆದು ನೋಡಿದ್ರು, ಜನರೇಟರ್‌ಗೆ ಆಯಿಲ್ ಹಾಕ್ಬೇಕು, ಆಯಿಲ್ ಪಂಪ್ ಕೈಯಲ್ಲಿಲ್ಲ. ಸರಿ, ಆಮೇಲೆ ಬಂದು ಹಾಕೋಣ ಅಂತ ಬಾಗಿಲನ್ನ ಕೆಳಗಿಳಿಸಿ ಚಿಲಕ ಹಾಕದೆ ಹೋದ್ರು. ವಾಪಸ್ ಬಂದ್ರು, ಬಂದಿದ್ದು ಬೇರೆ ವಿಮಾನಕ್ಕೆ! ಸಾಲಾಗಿ ನಿಂತಿರೋ ಒಂದೇ ಥರದ, ಒಂದೇ ಬಣ್ಣದ ವಿಮಾನಗಳು. ಅಲ್ಲಿ ನೋಡಿದ್ರೆ ಬಾಗಿಲಿಗೆ ಚಿಲಕ ಹಾಕಿದೆ, ಆಯಿಲೂ ಸರಿ ಇದೆ. ಅರೆ ಅನ್ನಿಸಿರುತ್ತೆ, ಆದ್ರೆ ಮನಸ್ಸು ಏನ್ ಮಾಡುತ್ತೆ ಗೊತ್ತಾ, ನಾನು ತಪ್ಪು ವಿಮಾನದ ಹತ್ರ ಬಂದಿದೀನಿ ಅನ್ನಲ್ಲ, ಯಾರೋ ಬಂದು ಮಾಡಿ ಹೋಗಿರ್ಬೇಕು ಅನ್ನುತ್ತೆ, ಅದು ಸುಲಭ. ಆ ಇಂಜಿನ್‌ನ ಚಿಲಕಗಳು ಹೊಟ್ಟೆಯ ಅಡಿಯಲ್ಲಿ ನೆಲಕ್ಕೆ ಹತ್ರ ಇರುತ್ವೆ, ಬಗ್ಗಿ ಮಂಡಿಯೂರಿ ನೋಡಿದ್ರೆ ಮಾತ್ರ ಕಾಣೋದು. ಬೆಳಿಗ್ಗೆ ಸುತ್ತು ಹಾಕಿದ ಕೋ-ಪೈಲಟ್‌ಗೂ ಕಾಣ್ಲಿಲ್ಲ, ವಿಮಾನನ ಹಿಂದಕ್ಕೆ ತಳ್ಳಿದವರಿಗೂ ಕಾಣ್ಲಿಲ್ಲ. ಟೇಕಾಫ್‌ನಲ್ಲಿ ಎರಡೂ ಇಂಜಿನ್‌ನ ಬಾಗಿಲು ಹರ್ಕೊಂಡು ಹೋದ್ವು, ಬಲಗಡೆ ಇಂಧನದ ಪೈಪ್ ಒಡೀತು, ಉರಿಯೋ ಇಂಜಿನ್ ಇಟ್ಕೊಂಡು ಅದೇ ಹೀಥ್ರೋಗೆ ವಾಪಸ್ ಇಳೀತು. 80 ಜನರಲ್ಲಿ ಯಾರೂ ಸಾಯಲಿಲ್ಲ.

ಹಾಗಾದ್ರೆ ಇಬ್ಬಿಬ್ಬರು ಚೆಕ್ ಮಾಡಿದ್ರೆ ಆಯ್ತಲ್ಲ ಅಂತ ಕೇಳ್ತೀರಿ. ಮುಖ್ಯವಾದ ಜಾಗಗಳಿಗೆ ಆ ನಿಯಮ ಇದೆ, ಕಂಟ್ರೋಲ್ ಕೇಬಲ್ ಮುಟ್ಟಿದ್ರೆ ಮುಟ್ಟದೇ ಇದ್ದ ಇನ್ನೊಬ್ಬರು ಬಂದು ಸ್ವತಂತ್ರವಾಗಿ ನೋಡಿ ಸೈನ್ ಹಾಕ್ಬೇಕು. ಒಳ್ಳೇದೇ. ಆದ್ರೆ ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಅಂತಾರಲ್ಲ, ಮಾಡೋನು 'ಹೇಗೂ ಇನ್‌ಸ್ಪೆಕ್ಟರ್ ನೋಡ್ತಾರೆ' ಅಂದ್ಕೊಳ್ತಾನೆ, ಇನ್‌ಸ್ಪೆಕ್ಟರ್ 'ಇವನು ಹಳೇ ಕೈ, ಮಾಡಿರ್ತಾನೆ' ಅಂದ್ಕೊಳ್ತಾರೆ. 2003ರ ಜನವರಿಯಲ್ಲಿ ಷಾರ್ಲೆಟ್‌ನಲ್ಲಿ ಬಿದ್ದ ಏರ್ ಮಿಡ್‌ವೆಸ್ಟ್‌ನ ಬೀಚ್ 1900 ವಿಮಾನದಲ್ಲಿ ಎಲಿವೇಟರ್ (ಮೂತಿ ಮೇಲೆ ಕೆಳಗೆ ಮಾಡೋ ಬಾಲದ ಪಟ್ಟಿ) ಕೇಬಲ್ ಹೊಂದಿಸಿದ್ದು ಆ ಕೆಲಸ ಮೊದಲ ಸಲ ಕಲೀತಿದ್ದ ಮೆಕ್ಯಾನಿಕ್, ಪಕ್ಕದಲ್ಲಿದ್ದು ಕಲಿಸಿದವರೇ ಆಮೇಲೆ ಇನ್‌ಸ್ಪೆಕ್ಟರ್ ಆಗಿ ಸೈನ್ ಹಾಕಿದ್ದು, ಕೆಲವು ಹಂತ ಬಿಟ್ಟಿದ್ದೂ ಅವರ ಒಪ್ಪಿಗೆಯಿಂದಲೇ. 21 ಜನ. ಕಾಗದದ ಮೇಲೆ ಎರಡು ಸೈನ್ ಇದ್ವು, ನೋಡಿದ ತಲೆ ಮಾತ್ರ ಒಂದೇ.

ಚೆಕ್ ಜಾಸ್ತಿ ಮಾಡೋದಕ್ಕಿಂತ ಒಂದೇ ತಪ್ಪು ಎಲ್ಲಾ ಕಡೆ ಹರಡದ ಹಾಗೆ ನೋಡ್ಕೊಳ್ಳೋದು ಬುದ್ಧಿವಂತಿಕೆ ಅಂತ ನನಗನ್ನಿಸುತ್ತೆ. 1983ರ ಮೇ 5ರಂದು ಮಯಾಮಿಯಿಂದ ನಸ್ಸಾವ್‌ಗೆ ಹೊರಟ ಈಸ್ಟರ್ನ್ ಏರ್‌ಲೈನ್ಸ್‌ನ ಟ್ರೈಸ್ಟಾರ್‌ನಲ್ಲಿ ಮೂರು ಇಂಜಿನ್, ಮೂರರ ಆಯಿಲೂ ಸೋರಿ ಹೋಯ್ತು, ಯಾಕಂದ್ರೆ ಹಿಂದಿನ ರಾತ್ರಿ ಮೂರಕ್ಕೂ ಲೋಹದ ಚೂರು ಹಿಡಿಯೋ ಡಿಟೆಕ್ಟರ್ ಬದಲಾಯಿಸಿದ್ರು, ಮೂರಕ್ಕೂ ಓ-ರಿಂಗ್, ಅಂದ್ರೆ ಆಯಿಲ್ ಸೋರದ ಹಾಗೆ ತಡೆಯೋ ಬಳೆ, ಹಾಕಿರ್ಲಿಲ್ಲ. ಯಾವಾಗಲೂ ಫೋರ್‌ಮನ್‌ನ ಬೀರುವಿನಲ್ಲಿ ಓ-ರಿಂಗ್ ಹಾಕೇ ರೆಡಿ ಇರೋ ಡಿಟೆಕ್ಟರ್ ಸಿಗ್ತಿತ್ತು, ಅವತ್ತು ಬೀರು ಖಾಲಿ, ಸ್ಟೋರಿಂದ ತಂದಿದ್ದರಲ್ಲಿ ರಿಂಗ್ ಇಲ್ಲ, ಕೈಗೆ ಅಭ್ಯಾಸ ಆಗಿರೋ ಕೆಲಸ, ಯಾರು ನೋಡ್ತಾರೆ. ಅದೇ ಕಂಪನಿಯಲ್ಲಿ ಅದೇ ಓ-ರಿಂಗ್ ತಾಪತ್ರಯ ಮುಂಚೆನೇ ಹಲವು ಸಲ ಆಗಿತ್ತು ಅನ್ನೋದು ತನಿಖೆಯಲ್ಲಿ ಹೊರಬಿತ್ತು. ಮೂರೂ ಇಂಜಿನ್ ನಿಂತು, ಸಮುದ್ರದಿಂದ ಸುಮಾರು 4,000 ಅಡಿ ಇದ್ದಾಗ ಒಂದು ಮತ್ತೆ ಸ್ಟಾರ್ಟ್ ಆಗಿ 172 ಜನ ಮಯಾಮಿಗೆ ವಾಪಸ್ ಬಂದ್ರು. ಈಗ ಎರಡೇ ಇಂಜಿನ್ ಇಟ್ಕೊಂಡು ದೂರದ ಸಮುದ್ರ ದಾಟೋ ವಿಮಾನಗಳಿಗೆ ಒಂದೇ ಮೆಕ್ಯಾನಿಕ್ ಒಂದೇ ಸಲಕ್ಕೆ ಎರಡೂ ಇಂಜಿನ್‌ನಲ್ಲಿ ಅದೇ ಕೆಲಸ ಮಾಡಬಾರದು ಅನ್ನೋ ಕಟ್ಟುಪಾಡಿದೆ. ಮನುಷ್ಯ ತಪ್ಪು ಮಾಡೇ ಮಾಡ್ತಾನೆ ಅಂತ ಒಪ್ಕೊಂಡು ಮಾಡಿದ ನಿಯಮ ಇದು, ಅದಕ್ಕೇ ಕೆಲಸಕ್ಕೆ ಬರುತ್ತೆ.

ನಿದ್ದೆ ವಿಷಯ ಅಂತೂ ಯಾಕೋ ಯಾರೂ ಗಂಭೀರವಾಗಿ ತಗೊಳ್ಳಲ್ಲ. ವಿಮಾನ ಹಗಲು ದುಡೀಬೇಕು, ಹಾಗಾಗಿ ರಿಪೇರಿ ರಾತ್ರಿನೇ. 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05% ಆಲ್ಕೋಹಾಲ್ ಇರೋರ ಮಟ್ಟಕ್ಕೆ ಇಳಿಯುತ್ತೆ ಅಂತ 1997ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಪೈಲಟ್‌ಗೆ ಎಷ್ಟು ಗಂಟೆ ಹಾರಬಹುದು, ಎಷ್ಟು ಗಂಟೆ ರೆಸ್ಟ್ ಅನ್ನೋದಕ್ಕೆ ಪುಟಗಟ್ಟಲೆ ನಿಯಮ ಇದೆ. ಅಮೆರಿಕದ ದೊಡ್ಡ ಏರ್‌ಲೈನ್‌ಗಳ ಮೆಕ್ಯಾನಿಕ್‌ಗೆ ಇರೋ ಫೆಡರಲ್ ನಿಯಮದ ಸಾರ ಅಂದ್ರೆ ಏಳು ದಿನಕ್ಕೆ ಒಂದು ಸಲ 24 ಗಂಟೆ ಬಿಡುವು. ಕುಡಿದು ಬಂದವನನ್ನ ಗೇಟಲ್ಲೇ ನಿಲ್ಲಿಸ್ತಾರೆ, ಡಬಲ್ ಶಿಫ್ಟ್ ಮಾಡಿದವನಿಗೆ ಓವರ್‌ಟೈಮ್ ಕೊಡ್ತಾರೆ.

ಇದೆಲ್ಲ ಹಳೇ ಕಾಲದ ಮಾತು, ಈಗ ಕಂಪ್ಯೂಟರ್ ಬಂದಿದೆ ಅಂತ ಅಂದ್ಕೊಳ್ಳೋ ಹಾಗೂ ಇಲ್ಲ. 2018ರ ನವೆಂಬರ್‌ನಲ್ಲಿ ಪೋರ್ಚುಗಲ್‌ನಲ್ಲಿ ದೊಡ್ಡ ಸರ್ವಿಸ್ ಮುಗಿಸಿ ಹೊರಟ ಏರ್ ಅಸ್ತಾನಾದ ಎಂಬ್ರೇಯರ್ 190ರಲ್ಲಿ ರೆಕ್ಕೆಯ ಏಲೆರಾನ್ (ವಿಮಾನನ ಎಡಕ್ಕೆ ಬಲಕ್ಕೆ ವಾಲಿಸೋ ಪಟ್ಟಿ) ಕೇಬಲ್‌ಗಳು ಅದಲು ಬದಲು, ಬಲಕ್ಕೆ ತಿರುಗಿಸಿದ್ರೆ ಎಡಕ್ಕೆ ವಾಲುತ್ತೆ. ನೆಲದ ಮೇಲಿದ್ದಾಗಲೇ ಕಂಪ್ಯೂಟರ್ ಏನೋ ಸರಿ ಇಲ್ಲ ಅಂತ ಮೆಸೇಜ್ ಕೊಟ್ಟಿತ್ತು, ಅದರ ಹಿಂದೆ ದಿನಗಟ್ಟಲೆ ಬಿದ್ದರೂ ಕಾರಣ ಸಿಕ್ಕಿರ್ಲಿಲ್ಲ. ಸಿಬ್ಬಂದಿ ಹೇಗೋ ಒದ್ದಾಡಿ ಬೇಜಾ ವಾಯುನೆಲೆಯಲ್ಲಿ ಮೂರನೇ ಪ್ರಯತ್ನಕ್ಕೆ ಇಳಿಸಿದ್ರು. 2023ರ ಡಿಸೆಂಬರ್‌ನಲ್ಲಿ ಕ್ವಾಂಟಾಸ್‌ನ ಎ380 ಒಂದರ ಇಂಜಿನ್ ಒಳಗೆ 1.25 ಮೀಟರ್ ಉದ್ದದ ನೈಲಾನ್ ಟೂಲ್ ಉಳ್ಕೊಂಡು 34 ಸಲ ಹಾರ್ತು, ಸುಮಾರು 294 ಗಂಟೆ. ಮತ್ತೆ 2024ರ ಜನವರಿ 5ರ ಅಲಾಸ್ಕಾ ಏರ್‌ಲೈನ್ಸ್ 737 ಮ್ಯಾಕ್ಸ್ 9ರಲ್ಲಿ ಹಾರ್ತಿರೋವಾಗಲೇ ಕಿತ್ಕೊಂಡು ಹೋದ ಡೋರ್ ಪ್ಲಗ್ (ಬಾಗಿಲು ಬೇಡದ ಕಡೆ ಆ ಜಾಗ ಮುಚ್ಚೋ ಪ್ಯಾನೆಲ್), ಅದು ಏರ್‌ಲೈನ್‌ನ ಹ್ಯಾಂಗರ್‌ನಲ್ಲಿ ಅಲ್ಲ, ಬೋಯಿಂಗ್ ಫ್ಯಾಕ್ಟರಿಯಲ್ಲೇ ಆಗಿದ್ದು, ಆದ್ರೆ ಜಾತಿ ಒಂದೇ. ಪಕ್ಕದ ರಿವೆಟ್ ಸರಿ ಮಾಡೋಕೆ ಪ್ಲಗ್ ತೆಗೆದ್ರು, ವಾಪಸ್ ಇಟ್ರು, ನಾಲ್ಕು ಬೋಲ್ಟ್ ಹಾಕ್ಲಿಲ್ಲ. ತೆಗೆದಿದ್ದಕ್ಕೆ ದಾಖಲೆನೇ ಆಗಿರ್ಲಿಲ್ಲ, ದಾಖಲೆ ಇಲ್ಲದಿದ್ರೆ ವಾಪಸ್ ಹಾಕಿದ್ದನ್ನ ಚೆಕ್ ಮಾಡಿ ಅಂತ ಸಿಸ್ಟಮ್ ಯಾರಿಗೂ ಹೇಳಲ್ಲ. ಕಾಗದದ ಪ್ರಕಾರ ಆ ಬಾಗಿಲನ್ನ ಯಾರೂ ಮುಟ್ಟೇ ಇಲ್ಲ.

ಹಾಗಂತ ಯಾರಿಗೂ ಶಿಕ್ಷೆನೇ ಬೇಡ ಅಂತಲ್ಲ, ಗೊತ್ತಿದ್ದೂ ಮಾಡದ ಕೆಲಸಕ್ಕೆ ಸೈನ್ ಹಾಕಿದ್ರೆ ಅದು ಬೇರೆ ಲೆಕ್ಕ. ಈ ಕ್ಷೇತ್ರದವರು ಬಳಸೋ ಒಂದು ಪರೀಕ್ಷೆ ಇದೆ, ಅದು ನನಗೆ ತುಂಬಾ ಇಷ್ಟ. ತಪ್ಪು ಮಾಡಿದವನ ಜಾಗದಲ್ಲಿ ಅಷ್ಟೇ ಟ್ರೈನಿಂಗ್, ಅಷ್ಟೇ ಅನುಭವ ಇರೋ ಇನ್ನೊಬ್ಬನನ್ನ ಅದೇ ರಾತ್ರಿ, ಅದೇ ಬೆಳಕಲ್ಲಿ, ಅದೇ ಖಾಲಿ ಬೀರುವಿನ ಮುಂದೆ ನಿಲ್ಲಿಸಿ ನೋಡಿ. ಅವನೂ ಅದನ್ನೇ ಮಾಡ್ತಾನೆ ಅಂತ ಅನ್ನಿಸಿದ್ರೆ ಮೊದಲನೆಯವನನ್ನ ತೆಗೆದು ಏನೂ ಪ್ರಯೋಜನ ಇಲ್ಲ. ಈಗಲ್ ಲೇಕ್ ತನಿಖೆಯಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಮೆಕ್ಯಾನಿಕ್‌ಗಳು ಮತ್ತೆ ಇನ್‌ಸ್ಪೆಕ್ಟರ್‌ಗಳ ಲೋಪವನ್ನ ಮುಂದಿಟ್ಟಾಗ ಸದಸ್ಯ ಜಾನ್ ಲೌಬರ್ ಒಬ್ಬರೇ ಬೇರೆ ಟಿಪ್ಪಣಿ ಬರೆದ್ರು, ನಿಯಮ ಪಾಲಿಸೋ ವಾತಾವರಣವನ್ನೇ ಕಟ್ಟದ ಮ್ಯಾನೇಜ್‌ಮೆಂಟ್ ಕೂಡ ಕಾರಣ ಅಂತ. ಆಗ ಅದು ಒಂಟಿ ದನಿ, ಇವತ್ತು ಸುರಕ್ಷತೆ ಪಾಠ ಮಾಡೋರು ಮೊದಲು ತೆಗೆಯೋದೇ ಆ ಟಿಪ್ಪಣಿನ.

ಇದೆಲ್ಲ ಕೊನೆಗೆ ಒಂದು ಫೋನ್ ಕಾಲ್‌ಗೆ ಬಂದು ನಿಲ್ಲುತ್ತೆ. ಬೆಳಿಗ್ಗೆ ಏಳು ಗಂಟೆ, ನೈಟ್ ಶಿಫ್ಟ್ ಮುಗಿಸಿ ಮನೆಗೆ ಬಂದ ಮೆಕ್ಯಾನಿಕ್ ಹಾಸಿಗೆ ಮೇಲೆ ಕೂತು ಸಾಕ್ಸ್ ಬಿಚ್ಚೋವಾಗ ಒಂದು ಅನುಮಾನ ಬರುತ್ತೆ, ಆ ಪ್ಯಾನೆಲ್ ಮುಚ್ಚೋ ಮುಂಚೆ ಬೋಲ್ಟ್ ಸಡಿಲ ಆಗದ ಹಾಗೆ ಕಟ್ಟೋ ಲಾಕ್‌ವೈರ್ ಹಾಕಿದ್ನಾ? ಹಾಕಿರ್ತೀನಿ. ಹಾಕಿದ್ನಾ? ಜನ ಹತ್ತಾಗಿದೆ, ಬಾಗಿಲು ಮುಚ್ಚೋದರಲ್ಲಿದ್ದಾರೆ. ಅವನು ಫೋನ್ ಮಾಡ್ತಾನೆ ಅಂದ್ಕೊಳ್ಳಿ, ವಿಮಾನ ನಿಲ್ಲಿಸಿ, ಜನರನ್ನ ಇಳಿಸಿ, ಪ್ಯಾನೆಲ್ ತೆಗೆದು ನೋಡಿದ್ರೆ ಲಾಕ್‌ವೈರ್ ನೀಟಾಗಿ ಸುತ್ತಿದೆ. ಎರಡು ಗಂಟೆ ಲೇಟ್. ಅವತ್ತು ಸಂಜೆ ಡ್ಯೂಟಿಗೆ ಬಂದಾಗ ಬಾಸ್ ಅವನನ್ನ ಕ್ಯಾಬಿನ್‌ಗೆ ಕರೀತಾರೆ, ಗಾಜಿನ ಆಚೆ ಕಡೆ ಟೂಲ್ ಜೋಡಿಸ್ತಾ ಇರೋ ಉಳಿದ ಹನ್ನೊಂದು ಜನ ಒಳಗೆ ಏನ್ ನಡೀತಿದೆ ಅಂತ ನೋಡ್ತಾ ಇರ್ತಾರೆ.